ಎಷ್ಟು ಮಂದಿ ಅದಾರ? ತಲೆ, ಹುದ್ದೆ, ಹಾಜರಿ, ಆಳು

ಹುಬ್ಬಳ್ಳಿಯ ತಾರಿಹಾಳದಲ್ಲಿ ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದು ಇಟ್ಟುಕೊಳ್ಳೋಣ. ಅದರ ಆಫೀಸಿಗೆ ಒಂದೇ ದಿನ ಆರು ಕಡೆಯಿಂದ ಇಮೇಲ್ ಬರುತ್ತದೆ. ಆರರಲ್ಲೂ ಕೇಳಿದ್ದು ಒಂದೇ: ‘ನಿಮ್ಮಲ್ಲಿ ಎಷ್ಟು ಮಂದಿ ಅದಾರ?’ ಉತ್ತರ ಮಾತ್ರ ಆರು ಬಗೆ: 45, 40, 37, 54, 58, 53. ಆರೂ ಸರಿ. ಒಂದರ ಜಾಗದಲ್ಲಿ ಇನ್ನೊಂದು ಬರೆದಾಗ ತಪ್ಪಾಗುತ್ತದೆ.

ಲೆಕ್ಕ ಹೀಗಿದೆ. ಮಾಲಕರು ಮಂಜೂರು ಮಾಡಿದ ಹುದ್ದೆ 45. ಅದರಲ್ಲಿ 5 ಖಾಲಿ; ಪಗಾರ ಪಟ್ಟಿಯಲ್ಲಿ ಇರುವವರು 40. ಆ 40ರಲ್ಲಿ 34 ಮಂದಿ ವಾರಕ್ಕೆ 48 ತಾಸು ದುಡಿಯುವವರು, ಪ್ಯಾಕಿಂಗ್ ವಿಭಾಗದ 6 ಮಂದಿ ಅರ್ಧ ದಿನದವರು, ವಾರಕ್ಕೆ 24 ತಾಸು. ಅರ್ಧದವರು ಇಬ್ಬರನ್ನು ಒಬ್ಬರೆಂದು ಹಿಡಿದರೆ 37. ಗುತ್ತಿಗೆದಾರರ ಕಡೆಯಿಂದ ಬರುವವರು 14, ಸೇರಿಸಿದರೆ 54. ಐಟಿಐ ಮುಗಿಸಿ ಬಂದ ಅಪ್ರೆಂಟಿಸ್ ಹುಡುಗರು 4; ಅವರನ್ನೂ ಹಿಡಿದರೆ 58. ಇವತ್ತು ಖಾಯಂ ಪೈಕಿ 5, ಗುತ್ತಿಗೆ ಪೈಕಿ 2 ಮಂದಿ ಗೈರು. ಮಾಲು ಇಳಿಸಲು ಬಂದ ಲಾರಿಯ ಡ್ರೈವರ್ ಮತ್ತು ಕ್ಲೀನರ್ ಒಳಗಿದ್ದಾರೆ. ಬೆಂಕಿ ಬಿದ್ದರೆ ಗೇಟಿನ ಹೊರಗೆ ತಂದು ಎಣಿಸಬೇಕಾದ ಜನ 53.

ಬಿಸಿನೆಸ್ ಇಂಗ್ಲಿಷಿನಲ್ಲಿ ಈ ಒಂದೊಂದು ಅಂಕಿಗೂ ಬೇರೆ ಬೇರೆ ಹೆಸರಿದೆ. ಹೆಡ್‌ಕೌಂಟ್, ಸ್ಟ್ರೆಂತ್, ಆನ್ ರೋಲ್, ಎಫ್‌ಟಿಇ, ಮ್ಯಾನ್‌ಪವರ್, ಮ್ಯಾನ್‌ಡೇ ಎಂದು ಉರು ಹೊಡೆಯುವ ಮೊದಲು ಇವುಗಳ ಹಿಂದಿನ ಎಣಿಕೆ ತಿಳಿದರೆ ಸಾಕು. ಆ ಎಣಿಕೆ ನಮಗೆ ಹೊಸದೇನೂ ಅಲ್ಲ. ‘ಆ ಹೊಲದ ಕಳೆ ತಗಿಯೂದು ಹತ್ತಾಳಿನ ಕೆಲಸ’ ಎಂದು ನವಲಗುಂದದ ರೈತ ಹೇಳಿದಾಗ ಅವನು ಹತ್ತು ಮಂದಿಯನ್ನು ಎಣಿಸುತ್ತಿಲ್ಲ. ಐದು ಮಂದಿ ಎರಡು ದಿನ ಬಂದರೂ ಅದು ಹತ್ತಾಳೇ. ಇಂಗ್ಲಿಷಿನ ಮ್ಯಾನ್‌ಡೇ ಎಂದರೆ ಇದೇ. ಊಟಕ್ಕೆ ಎಷ್ಟು ತಲೆ, ಮಂಜೂರಾದದ್ದು ಎಷ್ಟು ಹುದ್ದೆ, ಇವತ್ತಿನ ಹಾಜರಿ ಎಷ್ಟು, ಎಷ್ಟಾಳಿನ ಕೆಲಸ ಎಂದು ನಾಲ್ಕು ಬಗೆಯಾಗಿ ನಾವು ಮೊದಲಿನಿಂದಲೂ ಕೇಳುತ್ತ ಬಂದಿದ್ದೇವೆ. ಆಫೀಸಿಗೆ ಬಂದ ಕೂಡಲೇ ನಾಲ್ಕನ್ನೂ ‘ಎಷ್ಟು ಮಂದಿ’ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಗೊಂದಲ ಅಲ್ಲಿ ಶುರುವಾಗುತ್ತದೆ. ಇಂಗ್ಲಿಷ್ ಶಬ್ದ ಯಾವುದೇ ಎದುರಾಗಲಿ, ಇದು ತಲೆಯೋ, ಹುದ್ದೆಯೋ, ಹಾಜರಿಯೋ, ಆಳೋ ಎಂದು ಕೇಳಿಕೊಂಡರೆ ಮುಕ್ಕಾಲು ಕೆಲಸ ಆದಂತೆ.

ತಲೆ: ಹೆಡ್‌ಕೌಂಟ್

ಹೆಡ್‌ಕೌಂಟ್ ಎಂದರೆ ಒಂದು ನಿಗದಿತ ದಿನ ಎಷ್ಟು ತಲೆ ಎಂಬ ಲೆಕ್ಕ. ಅರ್ಧ ದಿನ ದುಡಿಯುವವನದೂ ಒಂದು ತಲೆ, ಎರಡು ಪಾಳಿ ದುಡಿದವನದೂ ಒಂದೇ ತಲೆ. ರಜೆಯ ಮೇಲೆ ಇದ್ದವನನ್ನೂ, ಹೆರಿಗೆ ರಜೆಯಲ್ಲಿ ಇದ್ದವಳನ್ನೂ ಎಣಿಸಬೇಕು. ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿ ಇರುವವನು ಕೊನೆಯ ದಿನದವರೆಗೆ ಲೆಕ್ಕದಲ್ಲಿ ಇರುತ್ತಾನೆ. ಆಫರ್ ಲೆಟರ್ ತಗೊಂಡು ಇನ್ನೂ ಹಾಜರಾಗದವನು ಇರುವುದಿಲ್ಲ.

ಉಣಕಲ್ ಕೆರೆಯ ಮಟ್ಟ ಇವತ್ತು ಇಷ್ಟು ಅಡಿ ಎಂದು ಹೇಳಿದ ಹಾಗೆ ಇದು. ವರ್ಷವಿಡೀ ಎಷ್ಟು ನೀರು ಬಂತು, ಹೋಯಿತು ಎಂಬುದನ್ನು ಇದು ಹೇಳುವುದಿಲ್ಲ. ಹೀಗಾಗಿ ದಿನಾಂಕ ಇಲ್ಲದ ಹೆಡ್‌ಕೌಂಟ್‌ಗೆ ಬೆಲೆ ಇಲ್ಲ. ‘ಆ್ಯಸ್ ಆನ್ 31 ಮಾರ್ಚ್’ ಎಂದು ಮೊದಲು ಬರೆದು ಆಮೇಲೆ ಅಂಕಿ ಬರೆಯಬೇಕು. ಭಾರತದಲ್ಲಿ ‘ಆ್ಯಸ್ ಆನ್’ ನಡೆಯುತ್ತದೆ. ಹೊರದೇಶದ ಗಿರಾಕಿಗೆ ಬರೆಯುವಾಗ ‘ಆ್ಯಸ್ ಆಫ್’ ಬಳಸಿದರೆ ಒಳ್ಳೆಯದು.

ಎರಡನೆಯ ಪ್ರಶ್ನೆ, ಯಾರ ತಲೆ? ಗುತ್ತಿಗೆಯವರು ಸೇರಿದ್ದಾರೆಯೇ ಇಲ್ಲವೇ ಎಂದು ಹೇಳದೆ ಅಂಕಿಯನ್ನಷ್ಟೇ ಕಳಿಸುವುದು ತುಂಬ ಸಾಮಾನ್ಯವಾದ ತಪ್ಪು. ನಮ್ಮ ವಾಲ್ವ್ ಕಾರ್ಖಾನೆಯವರು ಒಂದು ತಿಂಗಳು 40, ಮುಂದಿನ ತಿಂಗಳು 54 ಎಂದು ಕಳಿಸಿದರೆ, 14 ಮಂದಿಯನ್ನು ಹೊಸದಾಗಿ ತಗೊಂಡರು ಎಂದೇ ಮೇಲಿನವರು ತಿಳಿಯುತ್ತಾರೆ. ಅಸಲಿಗೆ ಆದದ್ದು ಇಷ್ಟೇ: ಬರೆಯುವ ಕ್ಲರ್ಕ್ ಬದಲಾದ. ‘ಆನ್ ರೋಲ್’ ಎಂದರೆ ಕಂಪನಿಯೇ ನೇರವಾಗಿ ಪಗಾರ ಕೊಡುವವರು. ‘ಆಫ್ ರೋಲ್’ ಎಂದರೆ ಬೇರೆ ಏಜೆನ್ಸಿಯ ಪಟ್ಟಿಯಲ್ಲಿದ್ದು ಇಲ್ಲಿ ಬಂದು ದುಡಿಯುವವರು. ಎರಡೂ ಭಾರತೀಯ ಇಂಗ್ಲಿಷಿನ ಮಾತು. ಬೇರೆ ದೇಶದವರಿಗೆ ‘ಎಂಪ್ಲಾಯೀಸ್’ ಮತ್ತು ‘ಕಾಂಟ್ರ್ಯಾಕ್ಟ್ ವರ್ಕರ್ಸ್’ ಎಂದು ಬಿಡಿಸಿ ಬರೆಯಬೇಕು.

ಸರ್ಕಾರಿ ಕಚೇರಿಯಲ್ಲಿ ತಲೆ ತಪ್ಪಿಸುವವು ಇನ್ನೆರಡು: ನಿಯೋಜನೆ ಮತ್ತು ಪ್ರಭಾರ. ಗದಗದ ಕಚೇರಿಯ ಹುದ್ದೆಯಲ್ಲಿದ್ದು ಹಾವೇರಿಯಲ್ಲಿ ನಿಯೋಜನೆಯ ಮೇಲೆ ದುಡಿಯುವವರನ್ನು ಎರಡೂ ಕಚೇರಿ ತಮ್ಮವರೆಂದು ಬರೆದರೆ ಒಟ್ಟು ಮೊತ್ತ ಒಂದು ಹೆಚ್ಚಾಗುತ್ತದೆ. ಇಬ್ಬರೂ ಬಿಟ್ಟರೆ ಒಂದು ಕಡಿಮೆ. ಪ್ರಭಾರದ ಅಧಿಕಾರಿ ಎರಡು ಕುರ್ಚಿ ನೋಡಿಕೊಂಡರೂ ತಲೆ ಒಂದೇ. ಎರಡನೆಯ ಹುದ್ದೆ ಖಾಲಿ ಎಂದೇ ಬರೆಯಬೇಕು. ಕುರ್ಚಿಯ ಮೇಲೆ ಟವೆಲ್ ಹಾಕಿದರೆ ಹುದ್ದೆ ತುಂಬಿದಂತೆ ಆಗುವುದಿಲ್ಲ.

ಬೆಂಕಿ ಅಣಕು ಪ್ರದರ್ಶನದಲ್ಲಿ ಇದೇ ಹೆಡ್‌ಕೌಂಟ್ ಶಬ್ದಕ್ಕೆ ಅರ್ಥ ಬೇರೆ. ಅಲ್ಲಿ ಪಗಾರ ಪಟ್ಟಿ ಹಿಡಿದು ಕೂಗಿ ಪ್ರಯೋಜನವಿಲ್ಲ. ಗೇಟಿನ ರಿಜಿಸ್ಟರ್ ನೋಡಿ, ಆ ಹೊತ್ತಿಗೆ ಒಳಗಿದ್ದವರನ್ನೆಲ್ಲ ಎಣಿಸಬೇಕು. ಲಾರಿಯವನನ್ನು, ಚಹಾ ಕೊಡಲು ಬಂದ ಹುಡುಗನನ್ನು ಕೂಡ. ಪಟ್ಟಿಯಲ್ಲಿ ಹೆಸರಿಲ್ಲದ ಇವರನ್ನೇ ಮರೆಯುವುದು ಹೆಚ್ಚು.

ಹುದ್ದೆ: ಸ್ಟ್ರೆಂತ್ ಎಂಬ ಜಾರುವ ಶಬ್ದ

‘ನಿಮ್ಮ ಕ್ಲಾಸಿನ ಸ್ಟ್ರೆಂತ್ ಎಷ್ಟು?’ ಎಂದು ಧಾರವಾಡದ ಯಾವ ಶಾಲೆಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ಲಂಡನ್ನಿನಲ್ಲಿ ಕೇಳಿದರೆ ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ; ಅವರು ಅದಕ್ಕೆ ‘ಕ್ಲಾಸ್ ಸೈಜ್’ ಎನ್ನುತ್ತಾರೆ. ಇಂಟರ್‌ವ್ಯೂನಲ್ಲಿ ‘ವಾಟ್ ಈಸ್ ಯುವರ್ ಸ್ಟ್ರೆಂತ್’ ಎಂದು ಕೇಳಿದರೆ ನಿಮ್ಮ ಗುಣ ಹೇಳಬೇಕು. ‘ವಾಟ್ ಈಸ್ ದ ಸ್ಟ್ರೆಂತ್ ಆಫ್ ಯುವರ್ ಸೆಕ್ಷನ್’ ಎಂದರೆ ಸಂಖ್ಯೆ ಹೇಳಬೇಕು. ಗಡಿಬಿಡಿಯಲ್ಲಿ ಮೊದಲ ಪ್ರಶ್ನೆಗೆ ‘ಫಾರ್ಟಿ, ಸರ್’ ಎಂದರೆ ನಗೆ ತಡೆಯುವುದು ಕಷ್ಟ.

ಶಾಲೆಯಲ್ಲೂ ಸ್ಟ್ರೆಂತ್ ಎಂದರೆ ದಾಖಲಾತಿಯೇ ಹೊರತು ಹಾಜರಿಯಲ್ಲ. ಬಿಸಿಯೂಟದ ಅಡುಗೆಯವರಿಗೆ ಈ ಫರಕು ಚೆನ್ನಾಗಿ ಗೊತ್ತು. 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ. ದಾಖಲಾತಿ 120 ಎಂದು ಅಕ್ಕಿ ಅಳೆದರೆ 12 ಕಿಲೊ. ಇವತ್ತಿನ ಹಾಜರಿ 97 ಎಂದು ಅಳೆದರೆ 9 ಕಿಲೊ 700 ಗ್ರಾಂ. ಉಳಿದ 2 ಕಿಲೊ 300 ಗ್ರಾಮಿನ ಅನ್ನ ಸ್ಟ್ರೆಂತ್ ಮತ್ತು ಅಟೆಂಡೆನ್ಸ್ ನಡುವಿನ ಅಂತರ.

ಹುಬ್ಬಳ್ಳಿ ರೈಲ್ವೆ ಊರು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ದೊಡ್ಡ ವರ್ಕ್‌ಶಾಪ್ ಎರಡೂ ಇಲ್ಲಿವೆ. ರೈಲ್ವೆಯ ತಃಖ್ತೆಗಳಲ್ಲಿ ಮೂರು ಅಂಕಣ ಪಕ್ಕಪಕ್ಕದಲ್ಲೇ ಇರುತ್ತವೆ: ಸ್ಯಾಂಕ್ಷನ್ಡ್ ಸ್ಟ್ರೆಂತ್, ಆನ್ ರೋಲ್, ವೇಕೆನ್ಸಿ. ರಾಜ್ಯ ಸರ್ಕಾರದ ಕನ್ನಡದಲ್ಲಿ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮೂರನೆಯದು ಬರಲೇಬೇಕು. ಬರದಿದ್ದರೆ ಮೇಲೆ ಹೇಳಿದ ನಿಯೋಜನೆಯೋ, ಮಂಜೂರಿಗಿಂತ ಹೆಚ್ಚು ಮಂದಿಯನ್ನು ಒಂದೇ ದರ್ಜೆಯಲ್ಲಿ ಇಟ್ಟುಕೊಂಡದ್ದೋ ಕಾರಣ ಆಗಿರುತ್ತದೆ. ರೈಲ್ವೆಯಲ್ಲೇ ‘ಗ್ಯಾಂಗ್’ ಎಂದರೆ ಹಳಿ ನೋಡಿಕೊಳ್ಳುವ ತಂಡ ಎಂಬ ಹಳೆಯ ಅರ್ಥವಿದೆ. ಪತ್ರಿಕೆಯ ಅಪರಾಧ ಪುಟದ ಗ್ಯಾಂಗ್ ಬೇರೆ.

ಸ್ಟ್ರೆಂತ್ ನಿಜವಾಗಿ ಜಾರುವುದು ಕಾನೂನಿನಲ್ಲಿ. 2013ರ ಕಂಪನಿ ಕಾಯ್ದೆಯ 174ನೇ ಕಲಮಿನ ಪ್ರಕಾರ ನಿರ್ದೇಶಕರ ಮಂಡಳಿಯ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಎಂದರೆ ‘ಟೋಟಲ್ ಸ್ಟ್ರೆಂತ್’ನ ಮೂರನೇ ಒಂದು ಭಾಗ ಅಥವಾ ಇಬ್ಬರು, ಎರಡರಲ್ಲಿ ಯಾವುದು ಹೆಚ್ಚೋ ಅದು, ಭಿನ್ನರಾಶಿ ಬಂದರೆ ಮುಂದಿನ ಪೂರ್ಣಾಂಕ. ಇಲ್ಲಿ ಟೋಟಲ್ ಸ್ಟ್ರೆಂತ್ ಎಂದರೆ ಖಾಲಿ ಸ್ಥಾನ ಬಿಟ್ಟು ಎಂದು ಕಾಯ್ದೆಯೇ ಹೇಳುತ್ತದೆ. ಮಂಡಳಿಯಲ್ಲಿ ಸ್ಥಾನ 8, ಖಾಲಿ 2 ಎನ್ನಿ. ಎಂಟರ ಮೂರನೇ ಒಂದು ಹಿಡಿದರೆ ಮೂವರು ಬೇಕು ಎನಿಸುತ್ತದೆ. ಸರಿಯಾದ ಲೆಕ್ಕ ಆರರ ಮೂರನೇ ಒಂದು, ಇಬ್ಬರು ಸಾಕು. ಅಂದರೆ ಸ್ಯಾಂಕ್ಷನ್ಡ್ ಸ್ಟ್ರೆಂತ್ ಖಾಲಿಯನ್ನು ಒಳಗೊಂಡಿದೆ, ಟೋಟಲ್ ಸ್ಟ್ರೆಂತ್ ಅದನ್ನು ಹೊರಗಿಟ್ಟಿದೆ. ಅಪ್ರೆಂಟಿಸ್ ನಿಯಮಗಳಿಗೆ ಬನ್ನಿ: 30 ಮತ್ತು ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆ ತನ್ನ ಸ್ಟ್ರೆಂತ್‌ನ ಶೇ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತಗೊಳ್ಳಬೇಕು. ಅಲ್ಲಿ ಗುತ್ತಿಗೆಯವರೂ ಸ್ಟ್ರೆಂತಿನೊಳಗೆ ಬರುತ್ತಾರೆ. ನಮ್ಮ ಕಾರ್ಖಾನೆಯ 54ಕ್ಕೆ ಶೇ 2.5 ಎಂದರೆ 1.35, ಶೇ 15 ಎಂದರೆ 8.1; ನಾಲ್ವರು ಅಪ್ರೆಂಟಿಸರು ನಡುವೆ ಕೂರುತ್ತಾರೆ. ಒಂದೇ ಶಬ್ದ, ಮೂರು ಕಡೆ ಮೂರು ಎಣಿಕೆ. ಸ್ಟ್ರೆಂತ್ ಕಂಡಲ್ಲಿ ಅದೇ ಕಾಗದದಲ್ಲಿ ಅದರ ವ್ಯಾಖ್ಯೆ ಎಲ್ಲಿದೆ ಎಂದು ಹುಡುಕುವುದು ಒಳ್ಳೆಯ ಚಟ.

ಆಳು: ಮ್ಯಾನ್‌ಡೇ, ಮ್ಯಾನ್ ಅವರ್, ಎಫ್‌ಟಿಇ

ಉದ್ಯೋಗ ಖಾತ್ರಿಯ ಕಾಗದ ನೋಡಿದವರಿಗೆ ‘ಮಾನವ ದಿನ’ ಗೊತ್ತು. ಹಳ್ಳಕ್ಕೆ ಬದು ಹಾಕುವ ಕೆಲಸಕ್ಕೆ 300 ಮಾನವ ದಿನ ಬೇಕು ಎಂದರೆ 25 ಮಂದಿ 12 ದಿನ, ಅಥವಾ 50 ಮಂದಿ 6 ದಿನ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 100 ದಿನ ಕುಟುಂಬಕ್ಕೆ ಕೊಟ್ಟದ್ದು, ವ್ಯಕ್ತಿಗಲ್ಲ. ಗಂಡ 40 ದಿನ, ಹೆಂಡತಿ 60 ದಿನ ದುಡಿದರೆ ಕುಟುಂಬ 1, ವ್ಯಕ್ತಿ 2, ಮಾನವ ದಿನ 100. ವರದಿಯಲ್ಲಿ ಈ ಮೂರು ಅಂಕಣ ಬೇರೆ ಬೇರೆ ಇರುತ್ತವೆ. ‘ನೂರು ದಿನ ಕೆಲಸ ಸಿಕ್ಕಿತು’ ಮತ್ತು ‘ನೂರು ಮಂದಿಗೆ ಕೆಲಸ ಸಿಕ್ಕಿತು’ ಇವೆರಡನ್ನು ಅದಲುಬದಲು ಮಾಡಿದ ಸುದ್ದಿಗಳು ಬರುತ್ತಲೇ ಇರುತ್ತವೆ.

ಕಾರ್ಖಾನೆಯಲ್ಲಿ ಇದಕ್ಕಿಂತ ಸಣ್ಣ ಮಾಪು ಬೇಕಾಗುತ್ತದೆ: ಮ್ಯಾನ್ ಅವರ್, ಒಬ್ಬರ ಒಂದು ತಾಸಿನ ದುಡಿಮೆ. 15 ಮಂದಿ, 3 ದಿನ, ದಿನಕ್ಕೆ 8 ತಾಸು: 15×3×8, ಒಟ್ಟು 360 ಮ್ಯಾನ್ ಅವರ್. ಎಂಟರಿಂದ ಭಾಗಿಸಿದರೆ 45 ಮ್ಯಾನ್‌ಡೇ. ಇದರಲ್ಲಿ ತಪ್ಪುವುದು ಗುಣಾಕಾರವಲ್ಲ, ಊಟದ ಅರ್ಧ ತಾಸು. ಪಾಳಿ ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಸಂಜೆ ಐದಕ್ಕೆ ಮುಗಿಯುತ್ತದೆ. ಪಂಚಿಂಗ್ ಯಂತ್ರ ಅದನ್ನು ಎಂಟೂವರೆ ತಾಸು ಎಂದು ತೋರಿಸುತ್ತದೆ. ಅದನ್ನೇ ನೇರವಾಗಿ ಎತ್ತಿಕೊಂಡರೆ 15 ಮಂದಿಯ ಮೂರು ದಿನಕ್ಕೆ 22.5 ತಾಸು ಹೆಚ್ಚು ಬೀಳುತ್ತದೆ. ಗಿರಾಕಿಗೆ ಮ್ಯಾನ್ ಅವರ್ ಲೆಕ್ಕದಲ್ಲಿ ಬಿಲ್ ಮಾಡುವ ಕಡೆ ಇದು ಜಗಳಕ್ಕೆ ಕಾರಣ.

ಮ್ಯಾನ್‌ಡೇಯನ್ನು ಕಣ್ಣುಮುಚ್ಚಿ ಭಾಗಿಸಲೂ ಬಾರದು. ಕಳೆ ತೆಗೆಯುವ ಕೆಲಸಕ್ಕೆ ಮಂದಿ ಇಮ್ಮಡಿಯಾದರೆ ದಿನ ಅರ್ಧವಾಗುತ್ತದೆ, ಹೊಲದಲ್ಲಿ ಸಾಲು ಬೇಕಾದಷ್ಟಿವೆ. ಬೆಟಗೇರಿಯ ಒಂದು ಕೈಮಗ್ಗದ ಮುಂದೆ ಆರು ನೇಕಾರರನ್ನು ಕೂಡಿಸಿದರೆ ಸೀರೆ ಆರು ಪಟ್ಟು ಬೇಗ ಇಳಿಯುವುದಿಲ್ಲ. ಮಗ್ಗಕ್ಕೆ ಕೂರುವುದು ಒಬ್ಬರೇ. ಯಂತ್ರ ಎಷ್ಟಿವೆ, ಒಂದು ಯಂತ್ರಕ್ಕೆ ಎಷ್ಟು ಕೈ ಎಂದು ನೋಡದೆ ‘45 ಮ್ಯಾನ್‌ಡೇ, 45 ಮಂದಿ ಕಳಿಸಿದರೆ ಒಂದು ದಿನ’ ಎಂದು ಒಪ್ಪಿಕೊಂಡವರು ಮಾಲು ಕೊಡುವ ದಿನ ಫೋನ್ ಎತ್ತುವುದಿಲ್ಲ.

ಬ್ಯಾಡಗಿ ಪ್ಯಾಟಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ತೂಕದ ಮೇಲೆ ಕೂಲಿ. ಅಂಥವರನ್ನು ‘ಪೀಸ್ ರೇಟ್ ವರ್ಕರ್’ ಎನ್ನುತ್ತಾರೆ. ಅಲ್ಲಿ ತಾಸಿನ ಲೆಕ್ಕ ಹಾಕುವವರಿಲ್ಲ, ಆದರೆ ತಲೆಯ ಲೆಕ್ಕ ತಪ್ಪುವುದಿಲ್ಲ.

ಸುರಕ್ಷತೆಯ ವರದಿಯಲ್ಲೂ ಮ್ಯಾನ್ ಅವರ್ ಬರುತ್ತದೆ. ಅಪಘಾತದ ದರವನ್ನು ನಮ್ಮಲ್ಲಿ ಸಾಮಾನ್ಯವಾಗಿ 10 ಲಕ್ಷ ಮ್ಯಾನ್ ಅವರಿಗೆ ಇಷ್ಟು ಎಂದು ಹಾಕುತ್ತಾರೆ. ಅಮೆರಿಕದ ಪದ್ಧತಿಯಲ್ಲಿ 2 ಲಕ್ಷಕ್ಕೆ. 2 ಲಕ್ಷ ಎಲ್ಲಿಂದ ಬಂತೆಂದರೆ 100 ಮಂದಿ, ವಾರಕ್ಕೆ 40 ತಾಸು, ವರ್ಷಕ್ಕೆ 50 ವಾರ. ಅಮೆರಿಕದ ಗಿರಾಕಿಗೆ ನಮ್ಮ ದರ ಹಾಗೇ ಕಳಿಸಿದರೆ ಐದು ಪಟ್ಟು ಅಪಾಯಕಾರಿ ಕಾರ್ಖಾನೆ ಎನಿಸಿಕೊಳ್ಳಬೇಕಾಗುತ್ತದೆ.

ಈಗ ಎಫ್‌ಟಿಇ. ಪೂರ್ಣ ಹೊತ್ತಿನ ಒಬ್ಬ ಆಳಿಗೆ ಸಮ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಇವು. ಎಲ್ಲರ ವಾರದ ತಾಸು ಕೂಡಿಸಿ, ಪೂರ್ಣ ಹೊತ್ತಿನ ಒಬ್ಬರ ವಾರದ ತಾಸಿನಿಂದ ಭಾಗಿಸಿದರೆ ಸಿಗುವ ಅಂಕಿ. ವಾಲ್ವ್ ಕಾರ್ಖಾನೆಯಲ್ಲಿ 34×48 ಎಂದರೆ 1632, 6×24 ಎಂದರೆ 144, ಕೂಡಿಸಿದರೆ 1776. 48ರಿಂದ ಭಾಗಿಸಿದರೆ 37. ತೊಡಕು ಇರುವುದು ಭಾಜಕದಲ್ಲಿ. ವಾರಕ್ಕೆ 40 ತಾಸು ಎಂದು ಹಿಡಿಯುವ ಹೊರದೇಶದ ಕಂಪನಿಯ ನಮೂನೆಯಲ್ಲಿ ಅದೇ 1776 ತಾಸು 44.4 ಎಫ್‌ಟಿಇ ಆಗುತ್ತದೆ. ಇರುವ ತಲೆ 40, ತೋರಿಸಿದ ಆಳು 44.4! ಹೀಗಾಗಿ ಎಫ್‌ಟಿಇ ಕೇಳಿದವರಿಗೆ ಮೊದಲು ಕೇಳಬೇಕಾದದ್ದು ‘ವಾರಕ್ಕೆ ಎಷ್ಟು ತಾಸಿನ ಲೆಕ್ಕ?’ ಓವರ್‌ಟೈಮ್ ತಾಸನ್ನು ಇದರಲ್ಲಿ ಸೇರಿಸುವುದಿಲ್ಲ. ಸೇರಿಸಿದರೆ ದೀಪಾವಳಿಯ ಹಿಂದಿನ ತಿಂಗಳು ಮಂದಿ ತಾವಾಗಿಯೇ ಹುಟ್ಟಿಕೊಂಡಂತೆ ಕಾಣುತ್ತದೆ.

ಸರಾಸರಿಯ ಕಾಣದ ಮನುಷ್ಯರು

ಹತ್ತಿ ಜಿನ್ನಿಂಗ್ ಗಿರಣಿಯ ಉದಾಹರಣೆ ಹಿಡಿಯಿರಿ. ಹಂಗಾಮಿಲ್ಲದ 8 ತಿಂಗಳು 15 ಮಂದಿ, ಹಂಗಾಮಿನ 4 ತಿಂಗಳು 75 ಮಂದಿ. ಆ್ಯವರೇಜ್ ಹೆಡ್‌ಕೌಂಟ್: 15×8, 75×4, ಕೂಡಿಸಿದರೆ 420, 12ರಿಂದ ಭಾಗಿಸಿದರೆ 35. ವರ್ಷದ ಯಾವ ದಿನವೂ ಆ ಗಿರಣಿಯಲ್ಲಿ 35 ಮಂದಿ ಇರಲಿಲ್ಲ. ಶೌಚಾಲಯ, ಕುಡಿಯುವ ನೀರು, ವಿಶ್ರಾಂತಿ ಕೋಣೆ ಕಟ್ಟುವವರಿಗೆ ಬೇಕಾದದ್ದು ‘ಪೀಕ್ ಹೆಡ್‌ಕೌಂಟ್’, 75. ವರ್ಷದ ಖರ್ಚಿನ ಅಂದಾಜು ಮಾಡುವವರಿಗೆ 35. ಹತ್ತಿ ಜಿನ್ನಿಂಗ್, ಶೇಂಗಾ ಸಿಪ್ಪೆ ಸುಲಿಯುವಂಥ ಕೆಲಸವನ್ನಷ್ಟೇ ಮಾಡುವ ಕಾರ್ಖಾನೆಗಳನ್ನು 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆ ‘ಸೀಸನಲ್’ ಎಂದು ಬೇರೆಯಾಗಿಯೇ ಇಟ್ಟದ್ದು ಇಂಥ ಏರಿಳಿತದ ಸಲುವಾಗಿ.

ಬಿಟ್ಟು ಹೋದವರ ಲೆಕ್ಕ

ಆಟ್ರಿಶನ್ ಎಂದರೆ ತಾವಾಗಿ ಬಿಟ್ಟು ಹೋಗುವುದು, ನಿವೃತ್ತಿ, ಇಂಥ ಕಾರಣಗಳಿಂದ ಮಂದಿ ಕರಗುವುದು. ವರ್ಷದಲ್ಲಿ ಬಿಟ್ಟವರನ್ನು ಸರಾಸರಿ ಹೆಡ್‌ಕೌಂಟ್‌ನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಏಪ್ರಿಲ್‌ನಲ್ಲಿ 40, ಮಾರ್ಚ್ ಕೊನೆಗೆ 36, ನಡುವೆ ಬಿಟ್ಟವರು 9 ಎಂದರೆ ಸರಾಸರಿ 38, ದರ ಶೇ 23.7. ‘ಕಡಿಮೆಯಾದದ್ದು ನಾಲ್ಕೇ ಮಂದಿ, ಆದ್ದರಿಂದ ಶೇ 10’ ಎಂದು ಬರೆಯುವುದು ತಪ್ಪು. ನಡುವೆ ಐವರು ಹೊಸಬರು ಬಂದಿದ್ದಾರೆ. ಹೋದವರ ಜಾಗ ತುಂಬಿದ್ದಕ್ಕೆ ‘ಬ್ಯಾಕ್‌ಫಿಲ್’ ಎನ್ನುತ್ತಾರೆ. ಅದು ಹೊಸ ಹುದ್ದೆಯಲ್ಲ. ಆ 4 ಇಳಿಕೆಗೆ ‘ನೆಟ್ ರಿಡಕ್ಷನ್’ ಎಂಬ ಬೇರೆ ಹೆಸರಿದೆ.

ಇಂಗ್ಲೆಂಡ್, ಅಮೆರಿಕದವರು ಇದೇ ಅಂಕಿಗೆ ‘ಸ್ಟಾಫ್ ಟರ್ನೋವರ್’ ಎನ್ನುತ್ತಾರೆ. ನಮ್ಮಲ್ಲಿ ಟರ್ನೋವರ್ ಎಂದರೆ ವರ್ಷದ ವಹಿವಾಟು. ಗಿರಾಕಿಯ ನಮೂನೆಯಲ್ಲಿ ಉದ್ಯೋಗಿಗಳ ಭಾಗದಲ್ಲಿ ‘ಟರ್ನೋವರ್’ ಎಂದಿದ್ದಲ್ಲಿ ‘4 ಕೋಟಿ’ ಎಂದು ತುಂಬಿದರೆ ಆ ಕಡೆಯವರು ಕಂಗಾಲಾಗುತ್ತಾರೆ.

ಲೇಆಫ್ ಇನ್ನೂ ಅಪಾಯದ ಶಬ್ದ. ಬೆಂಗಳೂರಿನ ಐಟಿ ಸುದ್ದಿಯಲ್ಲಿ ಲೇಆಫ್ ಎಂದರೆ ಮನೆಗೆ ಕಳಿಸಿದರು ಎಂದೇ ಅರ್ಥ. ಅದು ಅಮೆರಿಕದ ಬಳಕೆ. ಭಾರತದ ಕೈಗಾರಿಕಾ ಕಾನೂನಿನಲ್ಲಿ ಲೇಆಫ್ ತಾತ್ಕಾಲಿಕ: ಕಲ್ಲಿದ್ದಲು, ಕರೆಂಟು, ಕಚ್ಚಾ ಮಾಲು ಇಲ್ಲದೆ ಮಾಲಕ ಕೆಲಸ ಕೊಡಲಾಗದ ಸ್ಥಿತಿ. ಅಂಥವರ ಹೆಸರು ಮಸ್ಟರ್‌ನಲ್ಲಿ ಇದ್ದೇ ಇರುತ್ತದೆ, ಅರ್ಹರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಪರಿಹಾರ ಸಿಗುತ್ತದೆ. ಅಂದರೆ ಲೇಆಫ್ ಆದವರನ್ನು ಹೆಡ್‌ಕೌಂಟ್‌ನಲ್ಲಿ ಎಣಿಸಬೇಕು. ಹುದ್ದೆ ಹೆಚ್ಚಾಯಿತು ಎಂದು ಕಾಯಮ್ಮಾಗಿ ತೆಗೆದುಹಾಕುವುದಕ್ಕೆ ‘ರಿಟ್ರೆಂಚ್‌ಮೆಂಟ್’. ಅವರನ್ನು ಎಣಿಸುವಂತಿಲ್ಲ.

ಹತ್ತು, ಹತ್ತಕ್ಕೂ ಹೆಚ್ಚು

ಇಎಸ್‌ಐಗೆ 10, ಗ್ರಾಚುಟಿಗೆ 10, ಭವಿಷ್ಯ ನಿಧಿಗೆ 20, ಕೂಸಿನ ಮನೆಗೆ 50, ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಗೆ 10. ಈ ಗಡಿಗಳನ್ನು ಕಾನೂನು ಬರೆಯುವುದು ‘ಟೆನ್ ಆರ್ ಮೋರ್’ ಎಂದು. ಕನ್ನಡಕ್ಕೆ ತರುವಾಗ ‘ಹತ್ತಕ್ಕೂ ಹೆಚ್ಚು’ ಎಂದು ಬರೆದುಬಿಡುತ್ತಾರೆ. ಅದರ ಅರ್ಥ ಹನ್ನೊಂದರಿಂದ. ಹತ್ತೇ ಮಂದಿ ಇರುವ ಅಂಗಡಿಯವರು ಆ ಅನುವಾದ ಓದಿ ನಮಗೆ ಅನ್ವಯಿಸುವುದಿಲ್ಲ ಎಂದು ಕೂತರೆ ದಂಡ ತೆರುವವರು ಅವರೇ. ‘ಹತ್ತು ಅಥವಾ ಅದಕ್ಕಿಂತ ಹೆಚ್ಚು’, ‘ಕನಿಷ್ಠ ಹತ್ತು’ ಎಂದೇ ಬರೆಯಬೇಕು. ‘ನಾಟ್ ಲೆಸ್ ದ್ಯಾನ್ ಟೆನ್’ ಕೂಡ ಅದೇ. ‘ಅಪ್ ಟು ಟೆನ್’ನಲ್ಲಿ ಹತ್ತು ಸೇರಿದೆ, ‘ಬಿಲೋ ಟೆನ್’ನಲ್ಲಿ ಸೇರಿಲ್ಲ.

ಈ ಗಡಿಗಳಲ್ಲಿ ಎಣಿಸುವುದು ತಲೆಯನ್ನು, ಆಳನ್ನಲ್ಲ. ‘ಅರ್ಧ ದಿನದವರು ನಾಲ್ವರು, ಇಬ್ಬರೆಂದು ಹಿಡಿದೆವು, ಒಟ್ಟು 18 ಆಯಿತು, ಪಿಎಫ್ ಬರಲ್ಲ’ ಎಂಬ ವಾದ ನಡೆಯುವುದಿಲ್ಲ, ಅದು 20. ಗುತ್ತಿಗೆಯವರನ್ನು ಬಿಟ್ಟು ಎಣಿಸಿದ್ದೂ ನಿಲ್ಲುವುದಿಲ್ಲ. ಒಮ್ಮೆ 20 ಮುಟ್ಟಿ ಪಿಎಫ್ ಅನ್ವಯವಾದ ಮೇಲೆ ಮಂದಿ 17ಕ್ಕೆ ಇಳಿದರೂ ಅದು ಮುಂದುವರಿಯುತ್ತದೆ.

ಊಟ, ಲಿಫ್ಟ್, ಮಳಿಗೆ

ಹೋಟೆಲ್, ಟ್ರಾವೆಲ್ಸ್‌ನವರ ‘ಪ್ಯಾಕ್ಸ್’ ಎಂದರೆ ಬರುವ ಮಂದಿ. ‘120 ಪ್ಯಾಕ್ಸ್ ವೆಜ್’ ಎಂದು ಬರೆದರೆ 120 ಎಲೆ; ಪ್ಯಾಕೆಟ್ ಅಲ್ಲ. ಕೇಟರಿಂಗ್‌ನವರು ‘ಮಿನಿಮಮ್ ಗ್ಯಾರಂಟಿ’ ಎಂದರೆ ಅಷ್ಟು ಮಂದಿ ಉಣ್ಣದಿದ್ದರೂ ಅಷ್ಟಕ್ಕೆ ರೊಕ್ಕ ಕೊಡಬೇಕು. ಮಾಲ್‌ನ ‘ಫುಟ್‌ಫಾಲ್’ ಬಾಗಿಲು ದಾಟಿದ ಸಲಗಳ ಲೆಕ್ಕ: ಒಬ್ಬನೇ ಮೂರು ಸಲ ಒಳಗೆ ಬಂದರೆ ಮೂರು. ಲಿಫ್ಟಿನಲ್ಲಿ ‘8 ಪರ್ಸನ್ಸ್, 544 ಕೆಜಿ’ ಎಂದು ಬರೆದದ್ದನ್ನು ಭಾಗಿಸಿ ನೋಡಿ, ಒಬ್ಬರಿಗೆ 68 ಕಿಲೊ. ಅಲ್ಲಿ ‘ಪರ್ಸನ್’ ಎಂದರೆ ತೂಕದ ಒಂದು ಅಳತೆ. ದಪ್ಪ ಏಳು ಮಂದಿ ಹತ್ತಿದರೂ ಅದು ಕೂಗುವುದು ಇದೇ ಕಾರಣಕ್ಕೆ. ‘ಪರ್ ಹೆಡ್’, ‘ಪರ್ ಕ್ಯಾಪಿಟಾ’ ಎರಡರಲ್ಲೂ ಇರುವುದು ನಮ್ಮ ‘ತಲಾ’ದೊಳಗಿನ ತಲೆಯೇ.

ಪತ್ರದಲ್ಲಿ ಬರೆಯುವಾಗ

ಸ್ಟಾಫ್, ಮ್ಯಾನ್‌ಪವರ್, ಪರ್ಸನಲ್ ಮೂರಕ್ಕೂ ಒಂದು ಸಂಸ್ಥೆಯೊಳಗೆ ಬಹುವಚನದ ‘ಸ್’ ಹತ್ತುವುದಿಲ್ಲ. ‘ವಿ ನೀಡ್ 5 ಮ್ಯಾನ್‌ಪವರ್ಸ್’ ಎಂಬ ವಾಕ್ಯ ನಮ್ಮ ಭಾಗದ ಪತ್ರಗಳಲ್ಲಿ ಧಾರಾಳ. ‘5 ವರ್ಕರ್ಸ್’ ಎಂದರೆ ಮುಗಿಯಿತು. ‘ಎ ಸ್ಟಾಫ್’ ಎಂದು ಒಬ್ಬರನ್ನು ಹೇಳುವಂತಿಲ್ಲ, ‘ಎ ಸ್ಟಾಫ್ ಮೆಂಬರ್’ ಎನ್ನಬೇಕು. ಸಿಬ್ಬಂದಿ ಎಂಬ ಅರ್ಥದ ಪರ್ಸನೆಲ್ ಬೇರೆ, ಖಾಸಗಿ ಎಂಬ ಅರ್ಥದ ಪರ್ಸನಲ್ ಬೇರೆ. ಮೊದಲನೆಯದರಲ್ಲಿ ‘ಎನ್’ ಎರಡಿವೆ, ಒತ್ತು ಕೊನೆಯ ‘ನೆಲ್’ ಮೇಲೆ. ಮೇಲಿನ ಸಾಲಿನಲ್ಲಿ ‘ಪರ್ಸನಲ್’ ಎಂದು ಬರೆದದ್ದು ನಮ್ಮ ಬಾಯಲ್ಲಿ ಅದು ಹಾಗೇ ಆಗಿಹೋಗಿರುವುದರಿಂದ.

‘ನಾವು ನಲವತ್ತು ಮಂದಿ ಅದೀವಿ’ ಎಂಬುದನ್ನು ಹಾಗೇ ತಿರುಗಿಸಿ ‘ವಿ ಆರ್ 40 ಮೆಂಬರ್ಸ್’ ಎಂದರೆ ಯಾವುದೋ ಸಂಘದ ಸದಸ್ಯರು ಎಂಬ ಅರ್ಥ ಬರುತ್ತದೆ. ಸಹಜ ಇಂಗ್ಲಿಷ್: ‘ದೇರ್ ಆರ್ 40 ಆಫ್ ಅಸ್’. ‘ಐ ಲೀಡ್ ಎ ಟೀಮ್ ಆಫ್ ಫೈವ್’ ಎಂದಾಗ ಐವರಲ್ಲಿ ಹೇಳುವವನೂ ಸೇರಿದ್ದಾನೆಯೇ ಎಂಬುದು ತಿಳಿಯುವುದಿಲ್ಲ. ‘ಫೈವ್ ಪೀಪಲ್ ರಿಪೋರ್ಟ್ ಟು ಮಿ’ ಎಂದರೆ ಸಂಶಯವಿಲ್ಲ. ಟೆಂಡರುಗಳಲ್ಲಿ ‘ಹೆಲ್ಪರ್ಸ್: 5 ನಂಬರ್ಸ್’ ಎಂದು ಬರೆಯುವ ರೂಢಿ ಇದೆ. ಐದು ನಗ ಮಾಲು ಎಂದು ಪಾರ್ಸಲ್ ಆಫೀಸಿನಲ್ಲಿ ಹೇಳಬಹುದು. ಮನುಷ್ಯರಿಗೆ ಕನ್ನಡ ಬೇರೆಯೇ ಎಣಿಕೆ ಇಟ್ಟಿದೆ, ಇಬ್ಬರು, ಮೂವರು, ನಾಲ್ವರು ಎಂದು. ಇಂಗ್ಲಿಷಿನಲ್ಲೂ ‘5 ಹೆಲ್ಪರ್ಸ್’ ಸಾಕು. ಮ್ಯಾನ್‌ಪವರ್, ಮ್ಯಾನ್ ಅವರ್ ಬದಲು ‘ವರ್ಕ್‌ಫೋರ್ಸ್’, ‘ಪರ್ಸನ್ ಅವರ್’ ಬರೆಯುವ ಕಂಪನಿಗಳು ಹೆಚ್ಚುತ್ತಿವೆ. ಲೆಕ್ಕ ಅದೇ, ಗಿರಾಕಿ ಯಾವುದು ಬರೆದಿದ್ದಾನೋ ಅದನ್ನೇ ಬಳಸುವುದು ಕ್ಷೇಮ.

ತಾರಿಹಾಳದ ಆ ಕಾರ್ಖಾನೆ ಆರು ಪತ್ರಕ್ಕೂ ಒಂದೇ ಉತ್ತರ ಕಳಿಸಬಹುದು: ‘ಆ್ಯಸ್ ಆನ್ 31 ಮಾರ್ಚ್: ಸ್ಯಾಂಕ್ಷನ್ಡ್ ಪೋಸ್ಟ್ಸ್ 45, ಆನ್ ರೋಲ್ 40 (37 ಎಫ್‌ಟಿಇ, 48 ತಾಸಿನ ವಾರ), ಕಾಂಟ್ರ್ಯಾಕ್ಟ್ 14, ಅಪ್ರೆಂಟಿಸಸ್ 4, ಟೋಟಲ್ 58.’ 53 ಮಾತ್ರ ಅದರಲ್ಲಿ ಬರುವುದಿಲ್ಲ. ಅದು ಗೇಟಿನ ರಿಜಿಸ್ಟರಿನಲ್ಲಿದೆ, ಮತ್ತು ಲಾರಿ ಹೊರಟ ಕೂಡಲೇ 51 ಆಗುತ್ತದೆ.